ಉಗುರಿನ ಮೇಲೆ ಬಿದರಿ: ಜೆಲ್, ಅಚ್ಚು, ಅಂಟಿಸುವ ಉಗುರು

ಉಗುರಿನ ಅಲಂಕಾರಕ್ಕೆ ವಿನ್ಯಾಸ ಬೇಕೆಂದರೆ ಬೀದರಿನವರು ದೂರ ಹುಡುಕಬೇಕಿಲ್ಲ. ಹಳೇ ಊರಿನ ನಡುವಿನ ಚೌಬಾರಾ ಗೋಪುರದ ಸುತ್ತಲಿನ ಬಿದರಿ ಕಲೆಯ ಅಂಗಡಿಗಳ ಮುಂದೆ ಸ್ವಲ್ಪ ಹೊತ್ತು ನಿಂತರೆ ಸಾಕು. ಸತು-ತಾಮ್ರದ ಮಿಶ್ರಲೋಹದಲ್ಲಿ ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿ ಉಜ್ಜಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಮಂದ ಕಪ್ಪು, ಅದರ ಮೇಲೆ ಹೊಳೆಯುವ ಬಳ್ಳಿ ನನ್ನ ಉಗುರಿಗೂ ಬರಬೇಕೆಂದು ಸಿಕ್ಕ ವಿಧಾನಗಳನ್ನೆಲ್ಲ ಮನೆಯಲ್ಲೇ ಪರೀಕ್ಷಿಸಿದೆ. ನಮ್ಮ ವೈನಿ ಮೊದಲೇ ಕೇಳಿದ್ದರು: "ರೊಟ್ಟಿ ಬಡಿಯುವ ಕೈಗೆ ಇದು ನಿಲ್ಲುತ್ತದೆಯೇನು?" ಅದೇ ನನ್ನ ಒರೆಗಲ್ಲಾಯಿತು.

ಸ್ಟಿಕರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಗುರು ಬಾಗಿದಲ್ಲಿ ಸುಕ್ಕುಗಟ್ಟುತ್ತದೆ, ಅಂಚು ಏಳುತ್ತದೆ.

ಗಟ್ಟಿತನದಲ್ಲಿ ಜೆಲ್ ಬಣ್ಣಕ್ಕೆ ಸಾಟಿಯಿಲ್ಲ. ನೇರಳಾತೀತ (ಯುವಿ) ದೀಪದ ಕೆಳಗೆ ಹಿಡಿಯುವವರೆಗೂ ಅದು ಒಣಗುವುದಿಲ್ಲವಾದ್ದರಿಂದ, ಗೆರೆ ಸೊಟ್ಟಗಾದರೆ ಒರೆಸಿ ಮತ್ತೆ ಎಳೆಯಬಹುದು. ಕುದಿನೀರು ಹಾಕಿ ಜೋಳದ ಹಿಟ್ಟು ನಾದಿದರೂ ಅಂಚು ಅಲುಗುವುದಿಲ್ಲ. ಆದರೂ ಮನೆಯಲ್ಲಿ ಹಚ್ಚಿಕೊಳ್ಳಲು ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಸರಿಯಾಗಿ ಗಟ್ಟಿಯಾಗದ ಜೆಲ್ ಚರ್ಮಕ್ಕೆ ತಗುಲುತ್ತಿದ್ದರೆ ಅದರಲ್ಲಿರುವ ಅಕ್ರಿಲೇಟ್ ಎಂಬ ರಾಸಾಯನಿಕಗಳಿಂದ ಅಲರ್ಜಿ ಬರಬಹುದು, ಒಮ್ಮೆ ಬಂದರೆ ಸಾಮಾನ್ಯವಾಗಿ ಹೋಗುವುದಿಲ್ಲ. ಜೆಲ್ ಗಟ್ಟಿಯಾಗಲು ಬಳಸುತ್ತಿದ್ದ ಟಿಪಿಒ ಎಂಬ ರಾಸಾಯನಿಕವನ್ನು ಐರೋಪ್ಯ ಒಕ್ಕೂಟ 2025ರ ಸೆಪ್ಟೆಂಬರ್ 1ರಿಂದ ಸೌಂದರ್ಯ ಸಾಧನಗಳಲ್ಲಿ ನಿಷೇಧಿಸಿದೆ. ಖರೀದಿಸುವುದೇ ಆದರೆ ಸೀಸೆಯ ಮೇಲಿನ ಘಟಕಗಳ ಪಟ್ಟಿ ಓದಿ. ತೆಗೆಯುವುದಕ್ಕೂ ತಾಳ್ಮೆ ಬೇಕು: ಅಸಿಟೋನ್ ಅದ್ದಿದ ಹತ್ತಿ ಇಟ್ಟು, ಫಾಯಿಲ್ ಸುತ್ತಿ, ಹತ್ತು ಹದಿನೈದು ನಿಮಿಷ ಕಾಯಬೇಕು. ಅವಸರಕ್ಕೆ ಕಿತ್ತರೆ ಉಗುರಿನ ಪದರವೇ ಕಿತ್ತು ಬರುತ್ತದೆ.

ನನ್ನ ಮನಸ್ಸು ಗೆದ್ದದ್ದು ಅಚ್ಚು. ವಿನ್ಯಾಸ ಕೊರೆದ ಲೋಹದ ಫಲಕಕ್ಕೆ ಬೆಳ್ಳಿ ಬಣ್ಣ ಸುರಿದು, ಹಳೆಯ ಎಟಿಎಂ ಕಾರ್ಡಿನಿಂದ ಒಂದೇ ಸಲ ಕೆರೆದು, ಮೆತ್ತನೆಯ ಸಿಲಿಕೋನ್ ಮುದ್ರೆಗೆ ಎತ್ತಿಕೊಂಡು ಉಗುರಿನ ಮೇಲೆ ಹೊರಳಿಸಬೇಕು. ಕೂದಲೆಳೆಯಂಥ ಬಳ್ಳಿ ಹಾಗೆಯೇ ಕೂರುತ್ತದೆ. ಎಡಗೈಯಿಂದ ಬಲಗೈಗೆ ಹಾಕುವಾಗಲೂ ಗೆರೆ ನಡುಗುವುದಿಲ್ಲ, ಕುಂಚದಲ್ಲಿ ಇದು ನನ್ನಿಂದ ಎಂದೂ ಸಾಧ್ಯವಾಗಿಲ್ಲ. ಫ್ಯಾನ್ ಮಾತ್ರ ಆರಿಸಲೇಬೇಕು. ಕಲಬುರಗಿಯ ತಂಗಿಯ ಮನೆಯಲ್ಲಿ ಏಪ್ರಿಲ್ ಬಿಸಿಲಿಗೆ ಫ್ಯಾನಿನ ಗಾಳಿಯೂ ಸೇರಿ, ಮುದ್ರೆ ಒತ್ತುವ ಮೊದಲೇ ಬಣ್ಣ ಫಲಕದ ಗೀರುಗಳಲ್ಲಿ ಒಣಗಿಬಿಡುತ್ತಿತ್ತು. ಬೆಳಗಿನ ತಂಪಿನಲ್ಲಿ ಕೂತಾಗ ಅದೇ ಬಣ್ಣ ಚೆನ್ನಾಗಿ ಎದ್ದು ಬಂತು.

ಬಿದರಿಯ ಚೆಲುವು ನಿಂತಿರುವುದು ಪದರಗಳ ಕ್ರಮದ ಮೇಲೆ. ಬೇಸ್ ಕೋಟ್, ತೆಳುವಾಗಿ ಎರಡು ಸಲ ಕಪ್ಪು, ಅದರ ಮೇಲೆ ಹೊಳಪಿಲ್ಲದ (ಮ್ಯಾಟ್) ಟಾಪ್ ಕೋಟ್. ಅದು ಪೂರ್ತಿ ಒಣಗಿದ ಮೇಲೆಯೇ ಬೆಳ್ಳಿಯ ಅಚ್ಚು. ಮ್ಯಾಟ್ ಅನ್ನು ಕೊನೆಗೆ ಹಚ್ಚಿದರೆ ಬೆಳ್ಳಿಯೂ ಬೂದಿ ಬಣ್ಣಕ್ಕೆ ತಿರುಗುತ್ತದೆ. ಉಗುರಿನ ತುದಿಯ ಅಂಚಿಗೂ ಕುಂಚ ಸವರಿದರೆ ಬಣ್ಣ ಬೇಗ ಚಕ್ಕೆ ಏಳುವುದಿಲ್ಲ. ಮೇಲೆ ರಕ್ಷಣೆ ಇಲ್ಲದ ಬೆಳ್ಳಿ ರೊಟ್ಟಿ ಬಡಿದಂತೆ ಸವೆಯುತ್ತದೆ, ನಿಜ. ಸವೆದಲ್ಲಿ ಒಣ ಉಗುರಿನ ಮೇಲೆ ಮತ್ತೊಂದು ಅಚ್ಚು ಒತ್ತಿದರಾಯಿತು. ತೆಗೆಯಲು ಸಾಮಾನ್ಯ ರಿಮೂವರ್ ಸಾಕು. ಈ ಸುಲಭಕ್ಕಾಗಿಯೇ ದಿನಬಳಕೆಗೆ ಜೆಲ್‌ಗಿಂತ ಇದು ಮೇಲು ಎನ್ನುತ್ತೇನೆ.

ಮದುವೆಗಾದರೆ ಅಂಟಿಸುವ ಕೃತಕ ಉಗುರೇ ಸೈ. ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು, ಎರಡೂ ಕೈ ಬಿಡುವಾಗಿರುವಾಗ ನಿಧಾನವಾಗಿ ವಿನ್ಯಾಸ ಬಿಡಿಸಬಹುದು. ಇಲ್ಲಿ ಕುಂಚವೂ ಮಾತು ಕೇಳುತ್ತದೆ. ಅಡುಗೆ ಮಾಡುವಾಗ ಮಾತ್ರ ಬೇಡ, ಕಳಚಿ ಹಿಟ್ಟಿಗೆ ಬೀಳಬಹುದು. ಗೋಂದಿನ ಬದಲು ಎರಡೂ ಬದಿ ಅಂಟುವ ಪಟ್ಟಿ ಬಳಸಿ, ಕಾರ್ಯ ಮುಗಿದ ಮೇಲೆ ಬೆಚ್ಚಗಿನ ಸಾಬೂನು ನೀರಿನಲ್ಲಿ ಕೈ ನೆನೆಸಿ ಬದಿಯಿಂದ ಮೆಲ್ಲನೆ ಬಿಡಿಸಿ. ಬೆರಳಿನ ಕ್ರಮದಲ್ಲೇ ಡಬ್ಬಿಯಲ್ಲಿಟ್ಟರೆ ಮುಂದಿನ ಮದುವೆಗೆ ಪಟ್ಟಿಯನ್ನಷ್ಟೇ ಬದಲಿಸಿದರೆ ಸಾಕು.