ಶಾಲೆಗೆ ಯಾವುದು ಸರಿ: ಸೋಪಾ, ಸ್ಯಾನಿಟೈಜರಾ?

ಕೊರೊನಾದಿಂದ ಮುಚ್ಚಿದ್ದ ಶಾಲೆಗಳು ತೆರೆದಾಗ, 2021ರಲ್ಲಿ ಕರ್ನಾಟಕದ ಹೈಸ್ಕೂಲು ಮಕ್ಕಳು ಆಗಸ್ಟ್ 23ಕ್ಕೆ ತರಗತಿಗೆ ಮರಳಿದರು. ಒಂದರಿಂದ ಐದನೇ ತರಗತಿಯ ಚಿಕ್ಕವರು ಬಂದಿದ್ದು ಅಕ್ಟೋಬರ್ 25ಕ್ಕೆ. ಇಬ್ಬರಿಗೂ ಗೇಟಿನಲ್ಲಿ ಒಂದು ಸ್ಯಾನಿಟೈಜರ್ ಬಾಟಲಿ ಇಟ್ಟರೆ ಸಾಕು ಅಂತ ಅನಿಸಬಹುದು. ಸಾಲದು.

ಕೊರೊನಾ ವೈರಸ್ಸಿನ ಹೊರಪದರ ಕೊಬ್ಬಿನದು. ಸೋಪು ಅದನ್ನು ಒಡೆಯುತ್ತದೆ. ಕನಿಷ್ಠ ಶೇ 60 ಆಲ್ಕೋಹಾಲ್ ಇರುವ ಸ್ಯಾನಿಟೈಜರ್ ಕೂಡ ಒಡೆಯುತ್ತದೆ. (ಕೊರೊನಾ ಜಾಸ್ತಿ ಹರಡುವುದು ಗಾಳಿಯಲ್ಲಿ, ಹಾಗಾಗಿ ಮೊದಲು ಕಿಟಕಿ ತೆರೆಯಿರಿ.) ಆದರೆ ಆಟ ಮುಗಿಸಿ ಬಂದ ಮಗುವಿನ ಕೈ ನೋಡಿ. ಉಗುರಿನ ಸಂದಿಯಲ್ಲಿ ಮಣ್ಣು, ಅಂಗೈಯಲ್ಲಿ ಬೆವರು, ಜಿಡ್ಡು. ಅಂಥ ಕೈಗೆ ಸ್ಯಾನಿಟೈಜರ್ ಸುಮ್ನೆ ದಂಡ. ವಾಂತಿ ಭೇದಿ ತರುವ ನೊರೊವೈರಸ್ ಮೇಲೂ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಬಿಸಿಯೂಟಕ್ಕೆ ಮುಂಚೆ ಸೋಪೇ ಬೇಕು.

ತೊಂದರೆ ಇರುವುದು ನಲ್ಲಿಯಲ್ಲಿ. 200 ಮಕ್ಕಳಿಗೆ ಎರಡೇ ನಲ್ಲಿ ಇದ್ದರೆ, ತಲೆಗೆ 20 ಸೆಕೆಂಡ್ ಅಂದರೂ ಅರ್ಧ ಗಂಟೆ ದಾಟುತ್ತದೆ. ಅಷ್ಟರಲ್ಲಿ ಅನ್ನ ಆರಿರುತ್ತದೆ, ಅಲ್ವಾ? ದುಡ್ಡು ಒಂದಕ್ಕೇ ಇದ್ದರೆ ನಾನಂತೂ ಉದ್ದ ಪೈಪು ಎಳೆಸಿ ನಾಲ್ಕೈದು ನಲ್ಲಿ ಜಾಸ್ತಿ ಹಾಕಿಸುತ್ತೇನೆ. ಸೋಪನ್ನು ಬಲೆ ಚೀಲದಲ್ಲಿ ಕಟ್ಟಿ ನಲ್ಲಿಗೆ ನೇತುಹಾಕಿದರೆ ಚರಂಡಿಗೂ ಜಾರುವುದಿಲ್ಲ.

ಸ್ಯಾನಿಟೈಜರ್ ಶಾಲಾ ಬಸ್ಸಿಗೆ, ಪರೀಕ್ಷಾ ಕೊಠಡಿಗೆ ಒಳ್ಳೆಯದು. ಪುಟ್ಟ ಮಕ್ಕಳು ಬಾಯಿಗೆ ಹಾಕಿಕೊಂಡರೆ ಅಪಾಯ, ಬಾಟಲಿ ಶಿಕ್ಷಕರ ಕೈಯಲ್ಲೇ ಇರಲಿ. ಬೇಗ ಬೆಂಕಿ ಹತ್ತಿಕೊಳ್ಳುತ್ತದೆ, ಅಡುಗೆ ಕೋಣೆಯ ಹತ್ತಿರ ಇಡಬೇಡಿ. ಲೇಬಲ್ಲಿನಲ್ಲಿ ಮೆಥನಾಲ್ ಅಂತ ಕಂಡರೆ ಕೊಳ್ಳಲೇಬೇಡಿ.