ಪಕ್‌ಪೀಡಿಯಾ: ಸಂಬಳಕ್ಕೆ ತಕ್ಕ ಆಟ ಇಲ್ಲದಿದ್ದರೂ ಆಟಗಾರನನ್ನು ಯಾಕೆ ಬಿಡುವುದಿಲ್ಲ?

ಶಿವಮೊಗ್ಗದಲ್ಲಿ ಹಾಕಿ ಅಂದರೆ ಈಗಲೂ ಮೈದಾನದ ಹಾಕಿಯೇ. ಆದರೆ ಮಕ್ಕಳು ಕೆಲಸಕ್ಕೆಂದು ಟೊರಾಂಟೊ, ಕ್ಯಾಲ್ಗರಿ ಸೇರಿದ ಮೇಲೆ ಸಾಗರ, ತೀರ್ಥಹಳ್ಳಿ ಕಡೆಯ ಕೆಲವು ಮನೆಗಳಿಗೂ ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನ ಐಸ್ ಹಾಕಿ ಬಂದಿದೆ. ಟೊರಾಂಟೊದಲ್ಲಿ ಸಂಜೆ ಏಳಕ್ಕೆ ಶುರುವಾಗುವ ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಗಿನ ಜಾವ 5.30ಕ್ಕೆ. ನಾಲ್ಕು ಪಂದ್ಯ ನೋಡಿದವರು ಕೇಳುವುದು ಎರಡೇ ಪ್ರಶ್ನೆ. ಇಷ್ಟು ದುಡ್ಡು ತಗೊಂಡು ಇವನ ಆಟ ಇಷ್ಟೇನಾ? ಹಾಗಾದರೆ ಇವನನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದಾರೆ? ಎರಡನೆಯದಕ್ಕೆ, ಆಟಗಾರರ ಒಪ್ಪಂದ, ಸಂಬಳದ ವಿವರ ಕೊಡುವ ಪಕ್‌ಪೀಡಿಯಾ ಎಂಬ ಜಾಲತಾಣದಲ್ಲಿ ಪಕ್ಕಾ ಉತ್ತರವಿದೆ. ಮೊದಲನೆಯದಕ್ಕೆ ಅದೊಂದೇ ಸಾಲದು.

ಮೊದಲು ಇಂಥದ್ದೇ ಕೆಲಸವನ್ನು ಕ್ಯಾಪ್‌ಫ್ರೆಂಡ್ಲಿ ಮಾಡುತ್ತಿತ್ತು. ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡ ಅದನ್ನು ಕೊಂಡುಕೊಂಡಿತು, 2024ರ ಜುಲೈನಲ್ಲಿ ಅದು ಸಾರ್ವಜನಿಕರಿಗೆ ಮುಚ್ಚಿತು. ಅಲ್ಲಿಂದೀಚೆಗೆ ಹೆಚ್ಚಿನವರು ಇಲ್ಲಿಗೇ ಬರುತ್ತಾರೆ.

ಹೊಸಬರು ಮೊದಲು ಎಡವುವುದು ಅಂಕೆ ಓದುವಲ್ಲಿ. ಅಲ್ಪವಿರಾಮಗಳು ಅಮೆರಿಕದ ಲೆಕ್ಕದಲ್ಲಿ ಬೀಳುವುದರಿಂದ ನಮ್ಮ ಕಣ್ಣಿಗೆ ಲಕ್ಷ, ಕೋಟಿ ತಕ್ಷಣ ಸಿಗುವುದಿಲ್ಲ. ಒಂದು ಮಿಲಿಯನ್ ಅಂದರೆ ಹತ್ತು ಲಕ್ಷ ಎಂದಿಟ್ಟುಕೊಂಡರೆ ಸಾಕು, 10.5 ಮಿಲಿಯನ್ ಎಂದರೆ 1.05 ಕೋಟಿ ಡಾಲರ್. ಒಪ್ಪಂದದ ಪಟ್ಟಿ ಅಗಲವಾಗಿದೆ, ಮೊಬೈಲಿನಲ್ಲಿ ಅಡ್ಡ ಹಿಡಿದು ನೋಡುವುದು ಒಳ್ಳೆಯದು.

ಆಟಗಾರನ ಪುಟದಲ್ಲಿ ಮೂರು ಕಾಲಂಗಳ ಮೇಲೆ ಕಣ್ಣಿಡಿ. ಕ್ಯಾಪ್ ಹಿಟ್ ಎಂದರೆ ಒಟ್ಟು ಮೊತ್ತವನ್ನು ವರ್ಷಗಳಿಂದ ಭಾಗಿಸಿದ ಸರಾಸರಿ, ಪ್ರತಿ ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕಿರುವ ಮಿತಿಯೊಳಗೆ ಲೆಕ್ಕಕ್ಕೆ ಬರುವುದು ಇದು. ಮೂಲ ಸಂಬಳ ಮತ್ತು ಸೈನಿಂಗ್ ಬೋನಸ್ ಆ ವರ್ಷ ನಿಜವಾಗಿ ಕೈಗೆ ಸೇರುವ ಹಣ. ಬಹಳ ಜನ ಕ್ಯಾಪ್ ಹಿಟ್ ಒಂದನ್ನೇ ನೋಡಿ ಪುಟ ಮುಚ್ಚುತ್ತಾರೆ. ತಂಡ ಸಿಕ್ಕಿಹಾಕಿಕೊಂಡಿದೆಯೋ ಇಲ್ಲವೋ ಎಂಬುದನ್ನು ಹೇಳುವುದು ಬೋನಸ್ ಕಾಲಂ.

ಜಾನಥನ್ ಹ್ಯೂಬರ್ಡೋ ಪುಟವನ್ನೇ ತೆಗೆಯಿರಿ. 2021-22ರಲ್ಲಿ ಫ್ಲೋರಿಡಾ ತಂಡಕ್ಕೆ 115 ಪಾಯಿಂಟ್, ಅದರಲ್ಲಿ 30 ಗೋಲು, 85 ಅಸಿಸ್ಟ್ (ಗೋಲಿಗೆ ನೆರವಾದ ಪಾಸ್). ಆ ಬೇಸಿಗೆಯಲ್ಲಿ ಕ್ಯಾಲ್ಗರಿಗೆ ವರ್ಗವಾದರು. ಒಂದು ಪಂದ್ಯವನ್ನೂ ಆಡಿಸಿ ನೋಡುವ ಮೊದಲೇ, 2022ರ ಆಗಸ್ಟ್‌ನಲ್ಲಿ, ಎಂಟು ವರ್ಷಕ್ಕೆ 8.4 ಕೋಟಿ ಡಾಲರ್ ಕೊಡಲು ತಂಡ ಸಹಿ ಹಾಕಿತು. ವರ್ಷಕ್ಕೆ 1.05 ಕೋಟಿ. ಮುಂದಿನ ಮೂರು ಋತುಗಳಲ್ಲಿ ಬಂದ ಪಾಯಿಂಟ್ 55, 52, 62. ಹೊಸ ಒಪ್ಪಂದ ಜಾರಿಗೆ ಬಂದದ್ದೇ 2023-24ರಲ್ಲಿ, ಆಗ ಅವರಿಗೆ ಮೂವತ್ತು ವರ್ಷ. ಮುಗಿಯುವುದು 2031ರಲ್ಲಿ. ನಮ್ಮ ಕಡೆ ಅಡಿಕೆ ತೋಟವನ್ನು ಚೇಣಿಗೆ (ಫಸಲು ಗುತ್ತಿಗೆಗೆ) ಹಿಡಿಯುವವನು ಮರದ ಮೇಲೆ ಕಾಣುವ ಫಸಲಿಗೆ ದರ ಮಾತಾಡುತ್ತಾನೆ. ಇಲ್ಲಿ ಹೋದ ವರ್ಷದ ಗೊನೆ ನೋಡಿ ಮುಂದಿನ ಎಂಟು ಫಸಲಿಗೆ ದರ ಮುಗಿಸುತ್ತಾರೆ, ಕೊಳೆ ರೋಗ ಬಂದರೂ ದರ ಇಳಿಯುವುದಿಲ್ಲ.

ಇದನ್ನು ಆಟಗಾರನ ಸೋಮಾರಿತನ ಎಂದು ಓದಿದರೆ ತಪ್ಪಾಗುತ್ತದೆ. 85 ಅಸಿಸ್ಟ್ ಬರಬೇಕಾದರೆ ಪಾಸ್ ಕೊಟ್ಟ ಮೇಲೆ ಗೋಲು ಹೊಡೆಯುವವರು ಪಕ್ಕದಲ್ಲಿರಬೇಕು. ಫ್ಲೋರಿಡಾ ಆ ವರ್ಷ ಲೀಗ್‌ನಲ್ಲೇ ಅತಿ ಹೆಚ್ಚು ಗೋಲು ಹೊಡೆದ ತಂಡ. ಅಸಿಸ್ಟ್ ಆಧಾರದ ಮೇಲೆ ಬೆಲೆ ಕಟ್ಟಿದ ಒಪ್ಪಂದಗಳು ತಂಡ ಬದಲಾದಾಗ ಕುಸಿಯುವ ಅಪಾಯ ಹೆಚ್ಚು. ಯಾವುದೇ ದುಬಾರಿ ಒಪ್ಪಂದ ನೋಡುವಾಗ ಸಹಿಗೆ ಹಿಂದಿನ ಮೂರು ವರ್ಷದ ಗೋಲು, ಅಸಿಸ್ಟ್ ಬೇರೆ ಬೇರೆ ಬರೆದುಕೊಳ್ಳಿ. ಒಂದೇ ವರ್ಷ ಎದ್ದು ಕಂಡರೆ ಆ ವರ್ಷದ ತಂಡ ಎಂಥದ್ದಿತ್ತು ಎಂದು ವಿಚಾರಿಸಿ.

ಇನ್ನೊಂದು ಲೆಕ್ಕವನ್ನೂ ನೋಡಬೇಕು: ಕ್ಯಾಪ್ ಹಿಟ್ ಮಿತಿಯ ಶೇಕಡಾ ಎಷ್ಟು? ಸಹಿ ಹಾಕಿದ ಋತುವಿನಲ್ಲಿ ಮಿತಿ 8.25 ಕೋಟಿ ಡಾಲರ್, ಅದರಲ್ಲಿ 1.05 ಕೋಟಿ ಎಂದರೆ ಶೇ 12.7. 2025-26ರಲ್ಲಿ ಮಿತಿ 9.55 ಕೋಟಿ, ಪಾಲು ಶೇ 11ಕ್ಕೆ ಇಳಿಯಿತು. 2027-28ಕ್ಕೆ ಘೋಷಿಸಿರುವ ಮಿತಿ 11.35 ಕೋಟಿ, ಆಗ ಶೇ 9.3ರಷ್ಟು. ಆಟ ಒಂಚೂರೂ ಸುಧಾರಿಸದಿದ್ದರೂ ಹೊರೆ ಹಗುರವಾಗುತ್ತದೆ. ತಂಡಗಳು ಹಲ್ಲು ಕಚ್ಚಿ ಕಾಯುವುದಕ್ಕೆ ಇದೂ ಒಂದು ಕಾರಣ. ನಮ್ಮ ಹಾಕಿ ಇಂಡಿಯಾ ಲೀಗ್‌ಗೂ ಇದೇ ಅಳತೆಗೋಲು ಹಿಡಿಯಬಹುದು. 2024ರ ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗ್ 78 ಲಕ್ಷ ರೂಪಾಯಿಗೆ ಹೋದರು, ತಂಡದ ಪರ್ಸ್ 4 ಕೋಟಿ. ಅಂದರೆ ಶೇ 19.5. ಎನ್‌ಎಚ್‌ಎಲ್‌ನಲ್ಲಿ ಒಬ್ಬನಿಗೆ ಮಿತಿಯ ಶೇ 20ಕ್ಕಿಂತ ಹೆಚ್ಚು ಕೊಡುವಂತೆಯೇ ಇಲ್ಲ.

ಈ ತಾಣದ ಅತ್ಯುತ್ತಮ ಭಾಗ ಬೈಔಟ್ (ಹಣ ಕೊಟ್ಟು ಒಪ್ಪಂದ ಮುರಿಯುವುದು) ಕ್ಯಾಲ್ಕುಲೇಟರ್. ಅದಕ್ಕಾಗಿಯಾದರೂ ಬುಕ್‌ಮಾರ್ಕ್ ಮಾಡಿಕೊಳ್ಳಿ. ನಿಯಮ ಇಷ್ಟು: 26 ತುಂಬಿದ ಆಟಗಾರನನ್ನು ಬಿಡಿಸಿ ಕಳಿಸಬೇಕಾದರೆ ಉಳಿದ ಮೂಲ ಸಂಬಳದ ಮೂರನೇ ಎರಡು ಭಾಗವನ್ನು, ಉಳಿದ ವರ್ಷಗಳ ಎರಡು ಪಟ್ಟು ಅವಧಿಯಲ್ಲಿ ಕೊಡಬೇಕು. 26ರೊಳಗಿನವನಾದರೆ ಮೂರನೇ ಒಂದು ಭಾಗ. ಸೈನಿಂಗ್ ಬೋನಸ್‌ನಲ್ಲಿ ಒಂದು ಡಾಲರ್ ಕೂಡ ಕಡಿತವಿಲ್ಲ.

ಒಂದು ಉದಾಹರಣೆ. ಎರಡು ವರ್ಷ ಬಾಕಿ, ವರ್ಷಕ್ಕೆ 60 ಲಕ್ಷ ಡಾಲರ್, ಎಲ್ಲವೂ ಮೂಲ ಸಂಬಳ. ಉಳಿದದ್ದು 1.2 ಕೋಟಿ, ಮೂರನೇ ಎರಡು ಭಾಗ 80 ಲಕ್ಷ, ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 20 ಲಕ್ಷ. ಮೊದಲೆರಡು ವರ್ಷ ತಂಡಕ್ಕೆ ಮಿತಿಯೊಳಗೆ 40 ಲಕ್ಷದಷ್ಟು ಜಾಗ ಸಿಕ್ಕಿತು. ಈಗ ಅದೇ 60 ಲಕ್ಷದಲ್ಲಿ 50 ಲಕ್ಷ ಬೋನಸ್, 10 ಲಕ್ಷ ಮಾತ್ರ ಮೂಲ ಸಂಬಳ ಎಂದುಕೊಳ್ಳಿ. ಉಳಿದ ಮೂಲ ಸಂಬಳ 20 ಲಕ್ಷ, ಮೂರನೇ ಎರಡು ಭಾಗ 13.33 ಲಕ್ಷ, ವರ್ಷಕ್ಕೆ 3.33 ಲಕ್ಷ. ಉಳಿತಾಯ ಬರೀ 6.67 ಲಕ್ಷ! ಆಟಗಾರ ಹೋದ ಮೇಲೂ ಮೊದಲೆರಡು ವರ್ಷ 53.33 ಲಕ್ಷ ತಂಡದ ಲೆಕ್ಕದಲ್ಲೇ ಕೂತಿರುತ್ತದೆ, ಆಮೇಲೆ ಇನ್ನೆರಡು ವರ್ಷ 3.33 ಲಕ್ಷ. ಏಜೆಂಟರು ಬೋನಸ್‌ಗೆ ಪಟ್ಟು ಹಿಡಿಯುವುದೇ ಇದಕ್ಕೆ.

ಬೈಔಟ್ ಬರೆ ಹೇಗಿರುತ್ತದೆ ಎಂದು ನೋಡಲು ಮಿನೆಸೋಟ ತಂಡದ ಹಿಂದಿನ ವರ್ಷಗಳನ್ನು ನೋಡಿ. ಝ್ಯಾಕ್ ಪರೀಸೆ, ರಯಾನ್ ಸೂಟರ್ ಇಬ್ಬರಿಗೂ 2012ರಲ್ಲಿ ತಲಾ 13 ವರ್ಷ, 9.8 ಕೋಟಿ ಡಾಲರ್. 2021ರಲ್ಲಿ ಇಬ್ಬರನ್ನೂ ಬಿಡಿಸಿದರು. 2023-24 ಮತ್ತು 2024-25ರಲ್ಲಿ ವರ್ಷಕ್ಕೆ ಸುಮಾರು 1.47 ಕೋಟಿ ಡಾಲರ್ ಜಾಗ, ತಂಡದಲ್ಲೇ ಇಲ್ಲದ ಇಬ್ಬರ ಹೆಸರಿನಲ್ಲಿ ಹೋಯಿತು.

ಉಳಿದ ದಾರಿಗಳು ಕಿರಿದು. ಕೆಳಗಿನ ಲೀಗ್‌ಗೆ ಕಳಿಸಿದರೆ 2025-26ರ ಲೆಕ್ಕದಲ್ಲಿ ಮಿತಿಯಿಂದ ಮಾಫಿ ಆಗುವುದು 11.5 ಲಕ್ಷ ಡಾಲರ್ ಮಾತ್ರ, 50 ಲಕ್ಷದವನಾದರೆ 38.5 ಲಕ್ಷ ಹಾಗೇ ಉಳಿಯುತ್ತದೆ. ಇನ್ನೊಂದು ತಂಡಕ್ಕೆ ದಾಟಿಸುವಾಗ ಸಂಬಳದ ಅರ್ಧದವರೆಗೆ ತಾನೇ ಹೊರಬಹುದು, ಆದರೆ ಒಂದು ತಂಡ ಏಕಕಾಲಕ್ಕೆ ಇಂಥ ಮೂರು ಒಪ್ಪಂದಗಳನ್ನಷ್ಟೇ ಹೊರಬಹುದು. ಒಪ್ಪಂದದಲ್ಲಿ ನೋ ಮೂವ್ ಷರತ್ತಿದ್ದರೆ ಆಟಗಾರ ಒಪ್ಪದೆ ಈ ಎರಡೂ ನಡೆಯವು. ಕ್ಲಾಝ್ (ಷರತ್ತು) ಎಂಬ ಕಾಲಂ ನೋಡಲು ಮರೆಯಬೇಡಿ.

ಕೊರತೆ ಇರುವುದು ಆಟದ ಅಳತೆಯಲ್ಲಿ. ಗೋಲು, ಅಸಿಸ್ಟ್ ನೋಡಿ ಡಿಫೆಂಡರ್ ಬಗ್ಗೆ ತೀರ್ಪು ಕೊಡಲಾಗದು. ವರ್ಷಕ್ಕೆ 92.5 ಲಕ್ಷ ಡಾಲರ್ ಪಡೆಯುವ ಎಡ್ಮಂಟನ್‌ನ ಡಾರ್ನೆಲ್ ನರ್ಸ್ ಬಗ್ಗೆ ನಡೆಯುವ ಜಗಳ ಮುಗಿಯದಿರುವುದು ಅದಕ್ಕೇ. ಎದುರಾಳಿಯ ಒಳ್ಳೆಯ ಸಾಲಿನ ಎದುರು ಎಷ್ಟು ನಿಮಿಷ ನಿಂತ, ಅವನಿದ್ದಾಗ ಯಾವ ಗೋಲಿನ ಕಡೆ ಹೆಚ್ಚು ಹೊಡೆತ ಬಿದ್ದವು ಎಂಬುದು ಬೇಕು. ಅದಕ್ಕೆ ನ್ಯಾಚುರಲ್ ಸ್ಟಾಟ್ ಟ್ರಿಕ್ ಅಥವಾ ಮನಿಪಕ್ ತಾಣಗಳನ್ನು ಪಕ್ಕದ ಟ್ಯಾಬಿನಲ್ಲಿ ತೆರೆದಿಟ್ಟುಕೊಳ್ಳಿ.

ಹೊಸನಗರ, ಆಗುಂಬೆ ಕಡೆ ನೆಟ್‌ವರ್ಕ್ ತೆಳುವಾದಾಗ ಪಂದ್ಯದ ವಿಡಿಯೊ ನಿಂತು ನಿಂತು ಬಂದರೂ ಪಟ್ಟಿಗಳನ್ನು ಓದಲು ತೊಂದರೆಯಿಲ್ಲ. ಬೈಔಟ್ ಕಾಲ ಶುರುವಾಗುವುದು ಜೂನ್ 15ಕ್ಕೆ ಇಲ್ಲವೇ ಫೈನಲ್ ಮುಗಿದ 48 ಗಂಟೆಗೆ, ಯಾವುದು ತಡವೋ ಅದಕ್ಕೆ. ಮುಗಿಯುವುದು ಜೂನ್ 30ಕ್ಕೆ. ಹೊಸ ಒಪ್ಪಂದಗಳ ಸಂತೆ ಜುಲೈ 1, ನಮ್ಮ ರಾತ್ರಿ 9.30ಕ್ಕೆ. ಆ ರಾತ್ರಿ ಬರುವ ದೊಡ್ಡ ಮೊತ್ತಗಳನ್ನು ನೋಡಿ ಅಂದೇ ತೀರ್ಮಾನಕ್ಕೆ ಬರಬೇಡಿ. ವರ್ಷವಾರು ಬೋನಸ್ ವಿವರ ಪುಟದಲ್ಲಿ ತುಂಬಿದ ಮೇಲೆ ಲೆಕ್ಕ ಹಾಕಿ.