ಸೂರ್ಯ ಇನ್ನೂ ಕನ್ಯೆಯಲ್ಲಿದ್ದರೆ ತೀರ್ಥೋದ್ಭವ ಸುಳ್ಳೇ? ತುಲಾ ಸಂಕ್ರಮಣದ ಲೆಕ್ಕಕ್ಕೆ ಸ್ಟೆಲ್ಲೇರಿಯಂ

ಅಕ್ಟೋಬರ್ ಎರಡನೇ ವಾರ ಬಂತೆಂದರೆ ಕೊಡಗಿನ ವಾಟ್ಸ್ಯಾಪ್ ಗುಂಪುಗಳಲ್ಲಿ ಒಂದು ಸ್ಕ್ರೀನ್‌ಶಾಟ್ ತಪ್ಪದೆ ತಿರುಗುತ್ತದೆ. ಆಕಾಶ ತೋರಿಸುವ ಯಾವುದೋ ಆ್ಯಪ್, ಅದರಲ್ಲಿ ಕನ್ಯಾ ರಾಶಿಯ ನಡುವೆ ಸೂರ್ಯ, ಕೆಳಗೊಂದು ಸಾಲು: ‘ತುಲೆಗೆ ಇನ್ನೂ ಎರಡು ವಾರ ಇದೆ, ತಲಕಾವೇರಿಯಲ್ಲಿ ಏನು ನಡೆಯುತ್ತಿದೆ?’ ಸೂರ್ಯ ತುಲಾ ರಾಶಿಗೆ ಕಾಲಿಡುವ ಗಳಿಗೆಗೆ, ಅಂದರೆ ತುಲಾ ಸಂಕ್ರಮಣಕ್ಕೆ, ಅಲ್ಲಿನ ಕುಂಡಿಕೆ ಎಂಬ ಪುಟ್ಟ ಕೊಳದಲ್ಲಿ ಕಾವೇರಿ ಉಕ್ಕುತ್ತಾಳೆ ಎಂಬುದು ನಂಬಿಕೆ; ಅದೇ ತೀರ್ಥೋದ್ಭವ. ಹತ್ತು ನಿಮಿಷದೊಳಗೆ ಉತ್ತರವೂ ಬರುತ್ತದೆ. ನಮ್ಮ ಪಂಚಾಂಗವನ್ನು ನಾಸಾನೇ ಒಪ್ಪಿದೆಯಂತೆ. ಇಬ್ಬರೂ ಆ್ಯಪನ್ನು ಸರಿಯಾಗಿ ಓದಿಲ್ಲ. ಓದುವ ಕ್ರಮ ಗೊತ್ತಿದ್ದವರಿಗೆ ಈ ಜಗಳದ ಮುಕ್ಕಾಲು ಪಾಲು ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಅದಕ್ಕೆ ಸದ್ಯ ಸಿಗುವ ಅತ್ಯುತ್ತಮ ಸಾಧನ ಸ್ಟೆಲ್ಲೇರಿಯಂ, ಬೇಕಾದ ಊರಿನ ಬೇಕಾದ ಹೊತ್ತಿನ ಆಕಾಶ ತೋರಿಸುವ ತಂತ್ರಾಂಶ.

ಕಂಪ್ಯೂಟರಿನ ಆವೃತ್ತಿಗೆ ದುಡ್ಡಿಲ್ಲ. ಇದು ಮುಕ್ತ ತಂತ್ರಾಂಶ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಇಳಿಸಿಕೊಳ್ಳುವಾಗ ನೂರಾರು ಎಂಬಿ ಡೇಟಾ ಬೇಕು, ಆದ್ದರಿಂದ ಭಾಗಮಂಡಲದ ಕಡೆಯವರು ಮಡಿಕೇರಿಗೆ ಹೋದಾಗ ಇಳಿಸಿಕೊಂಡು ಬರುವುದು ಮೇಲು. ಆಮೇಲೆ ಇಂಟರ್ನೆಟ್ ಬೇಕಿಲ್ಲ. ಮಳೆಗಾಲದಲ್ಲಿ ಟವರ್ ಸತ್ತರೂ ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇರುವಷ್ಟು ಹೊತ್ತು ಆಕಾಶ ಸಿಗುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ತೆರೆದ ಕೂಡಲೇ ಮುಚ್ಚಿಕೊಂಡರೆ ತೊಂದರೆ ಸಾಮಾನ್ಯವಾಗಿ ಗ್ರಾಫಿಕ್ಸ್ ಡ್ರೈವರಿನದು. ಮೊದಲು ಅದನ್ನು ಅಪ್‌ಡೇಟ್ ಮಾಡಿ ನೋಡಿ.

ಮೊದಲ ಕೆಲಸ ಜಾಗ ಕೂರಿಸುವುದು. ಎಫ್6 ಒತ್ತಿ. ಪಟ್ಟಿಯಲ್ಲಿ ಊರು ಸಿಗದಿದ್ದರೆ ತಲಕಾವೇರಿಗೆ ಉತ್ತರ ಅಕ್ಷಾಂಶ 12.38, ಪೂರ್ವ ರೇಖಾಂಶ 75.49, ಎತ್ತರ 1276 ಮೀಟರ್ ಎಂದು ಕೈಯಾರೆ ತುಂಬಿ. ಸಮಯ ವಲಯ ಭಾರತದ್ದೇ ಇದೆಯೇ ಎಂದು ಅಲ್ಲೇ ನೋಡಿಕೊಳ್ಳಿ. ಐದೂವರೆ ಗಂಟೆಯ ತಪ್ಪುಗಳು ಹುಟ್ಟುವುದು ಇಲ್ಲಿಂದ. ಎಫ್5ರಲ್ಲಿ ದಿನಾಂಕ ಮತ್ತು ಹೊತ್ತು ಕೊಡಿ. 2025ರ ತೀರ್ಥೋದ್ಭವದ ಮುಹೂರ್ತ ಅಕ್ಟೋಬರ್ 17ರ ಮಧ್ಯಾಹ್ನ 1.44 ಆಗಿತ್ತು, ಅದನ್ನೇ ಹಾಕಿ. ಎಫ್3ರಲ್ಲಿ ಸೂರ್ಯನನ್ನು ಹುಡುಕಿ, ಸ್ಪೇಸ್ ಒತ್ತಿ ನಡುವಿಗೆ ತನ್ನಿ. ‘ಎ’ ಒತ್ತಿದರೆ ವಾತಾವರಣ ಹೋಗುತ್ತದೆ, ‘ಜಿ’ ಒತ್ತಿದರೆ ನೆಲ ಹೋಗುತ್ತದೆ. ನಡುಮಧ್ಯಾಹ್ನವೇ ನಕ್ಷತ್ರಗಳು ಕಾಣುತ್ತವೆ.

ಈಗ ಸೂರ್ಯನ ಪಕ್ಕ ನೋಡಿ. ದಕ್ಷಿಣಕ್ಕೆ ಸುಮಾರು ಎರಡು ಡಿಗ್ರಿ ದೂರದಲ್ಲಿ, ಅಂದರೆ ಸೂರ್ಯಬಿಂಬದ ನಾಲ್ಕು ಅಗಲದಷ್ಟು ಕೆಳಗೆ, ಒಂದು ಹೊಳಪಿನ ನಕ್ಷತ್ರ ಇರುತ್ತದೆ. ಅದೇ ಚಿತ್ತಾ ನಕ್ಷತ್ರ. ತಂತ್ರಾಂಶದಲ್ಲಿ ಅದರ ಹೆಸರು ಸ್ಪೈಕಾ. ತುಲಾ ಸಂಕ್ರಮಣವೆಂದರೆ ಇಷ್ಟೇ. ಸೂರ್ಯ ತನ್ನ ದಾರಿಯಲ್ಲಿ ಚಿತ್ತೆಯ ನೇರಕ್ಕೆ ಬರುವ ಗಳಿಗೆ. ದೇಶದಲ್ಲಿ ಹೆಚ್ಚು ಬಳಕೆಯಲ್ಲಿರುವ ಚಿತ್ರಾಪಕ್ಷ ಪದ್ಧತಿಯಲ್ಲಿ ರಾಶಿಚಕ್ರದ 180ನೇ ಡಿಗ್ರಿಯನ್ನು ಈ ನಕ್ಷತ್ರಕ್ಕೆ ಗಂಟು ಹಾಕಲಾಗಿದೆ. ಬರಿಗಣ್ಣಿಗೆ ಇದು ಎಂದೂ ಕಾಣದ ನೋಟ, ಏಕೆಂದರೆ ಆ ಹೊತ್ತಿಗೆ ಚಿತ್ತೆ ಸೂರ್ಯನ ಬೆಳಕಿನಲ್ಲಿ ಮುಳುಗಿರುತ್ತದೆ. ಹಿಂದಿನವರು ಇದನ್ನು ಲೆಕ್ಕದಿಂದಷ್ಟೇ ಹಿಡಿದಿದ್ದರು. ಈ ತಂತ್ರಾಂಶ ಬೇರೇನೂ ಮಾಡದಿದ್ದರೂ ಈ ಒಂದು ದೃಶ್ಯಕ್ಕಾಗಿ ಇಳಿಸಿಕೊಳ್ಳಬಹುದು.

ಹಾಗಾದರೆ ಸ್ಕ್ರೀನ್‌ಶಾಟಿನ ‘ಕನ್ಯೆ’ ಎಲ್ಲಿಂದ ಬಂತು? ‘ಬಿ’ ಒತ್ತಿದರೆ ನಕ್ಷತ್ರಪುಂಜಗಳ ಗಡಿಗೆರೆಗಳು ಬರುತ್ತವೆ. ಇವು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 1928ರಲ್ಲಿ ಒಪ್ಪಿ 1930ರಲ್ಲಿ ಪ್ರಕಟವಾದ ಗಡಿಗಳು. ಆಸ್ತಿಯ ಸರ್ವೆಯಂತೆ ಆಕಾಶವನ್ನು 88 ತುಂಡು ಮಾಡಿವೆ, ತುಂಡುಗಳ ಅಳತೆ ಒಂದೇ ಅಲ್ಲ. ಸೂರ್ಯ ಕನ್ಯೆಯಲ್ಲಿ ಒಂದೂವರೆ ತಿಂಗಳು ಇದ್ದು ಅಕ್ಟೋಬರ್ ಕೊನೆಗೆ ತುಲೆಯ ಗಡಿ ದಾಟುತ್ತಾನೆ. ವೃಶ್ಚಿಕದಲ್ಲಿ ವಾರವೂ ಪೂರ್ತಿ ನಿಲ್ಲದೆ, ನಮ್ಮ ಹನ್ನೆರಡರ ಪಟ್ಟಿಯಲ್ಲೇ ಇಲ್ಲದ ಹದಿಮೂರನೆಯ ಒಂದು ಪುಂಜವನ್ನೂ ಹಾದು ಹೋಗುತ್ತಾನೆ. ಪಂಚಾಂಗದ ರಾಶಿಗಳಾದರೋ 30 ಡಿಗ್ರಿಯ ಹನ್ನೆರಡು ಸಮಪಾಲು. ಪಾಶ್ಚಾತ್ಯ ಜ್ಯೋತಿಷ್ಯದಲ್ಲಿ ತುಲೆ ಶುರುವಾಗುವುದು ಹಗಲು ಇರುಳು ಸಮವಾಗುವ ಸೆಪ್ಟೆಂಬರ್ 23ರ ಹೊತ್ತಿಗೆ. ಮೂರೂ ತುಲೆಗಳು ಮನುಷ್ಯ ಎಳೆದ ಗೆರೆಗಳೇ. ಒಂದರ ಗೆರೆ ಹಿಡಿದು ಇನ್ನೊಂದನ್ನು ಸುಳ್ಳು ಎನ್ನುವುದು ಖಗೋಳ ವಿಜ್ಞಾನವಲ್ಲ.

ನಿಮಿಷದ ಮಟ್ಟಕ್ಕೆ ಇಳಿಯುವವರಿಗೆ ಸಂಖ್ಯೆ ಬೇಕು. ಸೂರ್ಯನ ಮೇಲೆ ಕ್ಲಿಕ್ ಮಾಡಿದಾಗ ಎಡಗಡೆ ಬರುವ ಮಾಹಿತಿಯಲ್ಲಿ ಕ್ರಾಂತಿವೃತ್ತದ (ಆಕಾಶದಲ್ಲಿ ಸೂರ್ಯ ಸಾಗುವ ದಾರಿಯ) ರೇಖಾಂಶ ಎರಡು ಕಡೆ ಇರುತ್ತದೆ. ಒಂದು ಜೆ2000ದ್ದು, ಅಂದರೆ 2000ನೇ ಇಸವಿಯ ಆರಂಭಕ್ಕೆ ಹೊಂದಿಸಿದ್ದು, ಇನ್ನೊಂದು ಆ ದಿನದ್ದು. ಬೇಕಾದದ್ದು ಎರಡನೆಯದು. ಹೆಚ್ಚಿನವರು ಎಡವುವುದು ಇಲ್ಲೇ. 2000ದಿಂದ 2025ರ ಅಕ್ಟೋಬರಿನ ಹೊತ್ತಿಗೆ ರೇಖಾಂಶದ ಎಣಿಕೆ ಶುರುವಾಗುವ ವಿಷುವದ ಬಿಂದು ಸುಮಾರು 21.6 ಕಲೆಯಷ್ಟು (ಕಲೆ ಎಂದರೆ ಡಿಗ್ರಿಯ ಅರವತ್ತನೇ ಒಂದು ಪಾಲು) ಹಿಂದೆ ಸರಿದಿದೆ. ಸೂರ್ಯ ಒಂದು ಕಲೆ ಸಾಗಲು ಸುಮಾರು 24 ನಿಮಿಷ. ತಪ್ಪು ಸಾಲು ಓದಿದರೆ ಮುಹೂರ್ತ ಎಂಟೂವರೆ ಗಂಟೆಗೂ ಹೆಚ್ಚು ಆಚೀಚೆಯಾಗುತ್ತದೆ.

ಸರಿಯಾದ ಸಾಲು 1.44ಕ್ಕೆ ಸುಮಾರು 204 ಡಿಗ್ರಿ 13 ಕಲೆ ತೋರಿಸುತ್ತದೆ. ಇದು ಸಾಯನ ಸ್ಫುಟ, ಅಂದರೆ ವಿಷುವದ ಬಿಂದುವಿನಿಂದ ಎಣಿಸಿದ ರೇಖಾಂಶ. ಇದರಿಂದ ಅಯನಾಂಶವನ್ನು, ಅಂದರೆ ಆ ಬಿಂದುವಿಗೂ ನಕ್ಷತ್ರಕ್ಕೆ ಕಟ್ಟಿದ ರಾಶಿಚಕ್ರದ ಆರಂಭಕ್ಕೂ ನಡುವಿನ ಅಂತರವನ್ನು, ಕಳೆಯಬೇಕು. ಚಿತ್ತೆಗೆ ಕಟ್ಟಿದ ಲಾಹಿರಿ ಅಯನಾಂಶ ಆ ದಿನ 24 ಡಿಗ್ರಿ 13 ಕಲೆ. ಉಳಿದದ್ದು 180, ಅಂದರೆ ತುಲೆಯ ಹೊಸ್ತಿಲು. ದೇವಸ್ಥಾನದಿಂದ ಪ್ರಕಟವಾದ ಹೊತ್ತಿಗೂ ಆಧುನಿಕ ಲೆಕ್ಕಕ್ಕೂ ಕೆಲವೇ ನಿಮಿಷಗಳ ಅಂತರ. 2024ರ ಬೆಳಗಿನ 7.40ಕ್ಕೂ ಇದೇ ರೀತಿ ತಾಳೆ ನೋಡಬಹುದು. ಎರಡರ ನಡುವೆ ಒಂದು ವರ್ಷ, ಜೊತೆಗೆ ಆರು ಗಂಟೆ ನಾಲ್ಕು ನಿಮಿಷ. ನಾಕ್ಷತ್ರ ವರ್ಷದ ಅಳತೆ 365 ದಿನ 6 ಗಂಟೆ 9 ನಿಮಿಷ 10 ಸೆಕೆಂಡು. ಹಾಗಾಗಿ 2026ರದು ಅಕ್ಟೋಬರ್ 17ರ ರಾತ್ರಿ ಎಂಟರ ಆಸುಪಾಸಿಗೆ ಬೀಳುತ್ತದೆ. ಈಗಲೇ ಹಾಕಿ ನೋಡಿ.

ಕೆಲವು ನಿಮಿಷಗಳ ಆ ಅಂತರ ಯಾಕೆ ಉಳಿಯುತ್ತದೆ ಎಂಬುದು ಸ್ವಾರಸ್ಯದ ಪ್ರಶ್ನೆ. ತಂತ್ರಾಂಶ ಮೂಲ ಸ್ಥಿತಿಯಲ್ಲಿ ನೀವು ನಿಂತ ಜಾಗದಿಂದ ಕಾಣುವ ಸೂರ್ಯನನ್ನು ಕೊಡುತ್ತದೆ, ಪಂಚಾಂಗ ಭೂಮಿಯ ಕೇಂದ್ರದಿಂದ ಲೆಕ್ಕ ಹಾಕುತ್ತದೆ. ಇದರ ವ್ಯತ್ಯಾಸ ಹೆಚ್ಚೆಂದರೆ 8.8 ವಿಕಲೆ (ವಿಕಲೆ ಎಂದರೆ ಕಲೆಯ ಅರವತ್ತನೇ ಒಂದು ಪಾಲು), ಸಮಯದಲ್ಲಿ ಮೂರೂವರೆ ನಿಮಿಷ. ಎಫ್2ರ ಆಯ್ಕೆಗಳಲ್ಲಿ ಇದನ್ನು ತೆಗೆದುಹಾಕಬಹುದು. ಭೂಮಿಯ ಅಕ್ಷದ ಸಣ್ಣ ತೂಗಾಟ ಇನ್ನೊಂದು ಕಾರಣ. ಅದು 17 ವಿಕಲೆಯವರೆಗೆ ಹೋಗಬಲ್ಲದು, ಅಂದರೆ ಏಳು ನಿಮಿಷ. ಅಯನಾಂಶದಲ್ಲಿ ಆ ತೂಗಾಟವನ್ನು ಸೇರಿಸಬೇಕೋ ಬಿಡಬೇಕೋ ಎಂಬುದರಲ್ಲಿ ಪಂಚಾಂಗಕಾರರಲ್ಲೇ ಒಮ್ಮತವಿಲ್ಲ. ಆಧುನಿಕ ಖಗೋಳ ಲೆಕ್ಕ ಬಳಸುವ ಎರಡು ದೃಗ್ಗಣಿತ ಪಂಚಾಂಗಗಳು ಹತ್ತು ನಿಮಿಷ ಬೇರೆಯಾದರೆ ಯಾರೋ ತಪ್ಪಿದ್ದಾರೆಂದು ಅಲ್ಲ.

ದೊಡ್ಡ ಅಂತರಗಳ ಕಥೆ ಬೇರೆ. ಹಳೆಯ ಖಗೋಳ ಗ್ರಂಥ ಸೂರ್ಯಸಿದ್ಧಾಂತದ ವರ್ಷ 365 ದಿನ 6 ಗಂಟೆ 12 ನಿಮಿಷ 36 ಸೆಕೆಂಡು. ನಿಜವಾದದ್ದಕ್ಕಿಂತ ಸುಮಾರು ಮೂರೂವರೆ ನಿಮಿಷ ಹೆಚ್ಚು. ಯಂತ್ರವಿಲ್ಲದ ಕಾಲಕ್ಕೆ ಬೆರಗಿನ ನಿಖರತೆಯೇ ಸರಿ, ಆದರೆ ನೂರು ವರ್ಷಕ್ಕೆ ಹೆಚ್ಚುಕಡಿಮೆ ಆರು ಗಂಟೆ ಕೂಡಿಕೊಳ್ಳುತ್ತದೆ. ನಾಸಾ ಸೂರ್ಯಸಿದ್ಧಾಂತ ಬಳಸುತ್ತದೆ ಎಂಬ ಸಂದೇಶ ಸುಳ್ಳೆಂದು ತಿಳಿಯಲು ಇಷ್ಟು ಸಾಕು. ಇನ್ನು ಜ್ಯೋತಿಷಿ ಬಿ.ವಿ. ರಾಮನ್ ಅವರ ಅಯನಾಂಶ ಲಾಹಿರಿಗಿಂತ ಸುಮಾರು 1 ಡಿಗ್ರಿ 27 ಕಲೆ ಕಡಿಮೆ. ಅದನ್ನು ಹಿಡಿದರೆ ಸಂಕ್ರಮಣ ಒಂದೂವರೆ ದಿನ ಮೊದಲೇ ಆಗಿಬಿಡುತ್ತದೆ. ಸೂರ್ಯ ಎಲ್ಲಿದ್ದಾನೆ ಎನ್ನುವುದನ್ನು ವಿಜ್ಞಾನ ವಿಕಲೆಯ ಮಟ್ಟಕ್ಕೆ ಹೇಳುತ್ತದೆ. ಎಲ್ಲಿಂದ ಎಣಿಸಬೇಕು ಎನ್ನುವುದನ್ನು ಹೇಳುವುದಿಲ್ಲ, ಹೇಳಲು ಬರುವುದೂ ಇಲ್ಲ. ಅದಕ್ಕಾಗಿಯೇ 1952ರಲ್ಲಿ ಭೌತವಿಜ್ಞಾನಿ ಮೇಘನಾದ ಸಾಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ ಕೂತಿತು. ಎನ್.ಸಿ. ಲಾಹಿರಿ ಅದರ ಕಾರ್ಯದರ್ಶಿ. ದೇಶಕ್ಕೆ ಒಂದು ಅಯನಾಂಶ ಸಿಕ್ಕಿದ್ದು ಸಮಿತಿಯ ತೀರ್ಮಾನದಿಂದ, ದೂರದರ್ಶಕದಿಂದಲ್ಲ.

ಅಯನಾಂಶ ಕಳೆದು ಬರುವ ಈ ನಿರಯನ ಲೆಕ್ಕ ನಕ್ಷತ್ರಕ್ಕೆ ಕಟ್ಟಿದ್ದು, ಋತುವಿಗಲ್ಲ. ಸ್ವಾಮಿ ವಿವೇಕಾನಂದರು ಹುಟ್ಟಿದ 1863ರ ಜನವರಿ 12 ಮಕರ ಸಂಕ್ರಾಂತಿಯ ದಿನ. ಈಗ ಅದು 14, 15ಕ್ಕೆ ಬಂದಿದೆ. ತುಲಾ ಸಂಕ್ರಮಣವೂ ಹೀಗೆಯೇ ಸುಮಾರು 71 ವರ್ಷಕ್ಕೊಂದು ದಿನ ಜರುಗುತ್ತಿದೆ. ತಂತ್ರಾಂಶದಲ್ಲಿ ವರ್ಷವನ್ನು 4200ಕ್ಕೆ ಒಯ್ದರೆ ಚಿತ್ತೆಯ ಬಳಿಗೆ ಸೂರ್ಯ ಬರುವುದು ನವೆಂಬರ್ ನಡುವೆ. ಮುಂಗಾರು ಮುಗಿದ ಬೆನ್ನಿಗೇ, ಬ್ರಹ್ಮಗಿರಿಯ ಒರತೆಗಳೆಲ್ಲ ತುಂಬಿರುವಾಗ ಬರುವ ಕಾವೇರಿ ಚಂಗ್ರಾಂದಿ (ತುಲಾ ಸಂಕ್ರಮಣದ ಕೊಡವ ಹಬ್ಬ) ಆಗ ಬೇರೆ ಋತುವಿಗೆ ಹೋಗಿರುತ್ತದೆ. ನಂಬಿಕೆಗೂ ಖಗೋಳಕ್ಕೂ ನಿಜವಾದ ತಿಕ್ಕಾಟ ಇದ್ದರೆ ಅದು ಇಲ್ಲಿದೆ, ಕನ್ಯೆ-ತುಲೆಯ ಸ್ಕ್ರೀನ್‌ಶಾಟಿನಲ್ಲಿ ಅಲ್ಲ. ಯಾವ ಗುಂಪಿನಲ್ಲೂ ಇದರ ಬಗ್ಗೆ ಚರ್ಚೆ ನಡೆಯುವುದಿಲ್ಲ ಎಂಬುದು ಬೇರೆ ಮಾತು.

ಕುಂಡಿಕೆಯಲ್ಲಿ ನೀರು ಆ ನಿಮಿಷಕ್ಕೇ ಉಕ್ಕುತ್ತದೆಯೇ ಎಂಬ ಪ್ರಶ್ನೆಗೆ ಸ್ಟೆಲ್ಲೇರಿಯಂ ಬಳಿ ಉತ್ತರವಿಲ್ಲ. ಅದನ್ನು ಅಳೆಯಬೇಕೆಂದರೆ ಹಿಂದಿನ ಮುಂದಿನ ಹಲವು ದಿನ ನಿಮಿಷ ನಿಮಿಷಕ್ಕೂ ನೀರಿನ ಮಟ್ಟ ದಾಖಲಿಸುವ ಉಪಕರಣ ಬೇಕು, ಗಾಳಿಯ ಒತ್ತಡವನ್ನೂ ಮಳೆಯನ್ನೂ ಲೆಕ್ಕದಿಂದ ಕಳೆಯಬೇಕು. ಜನ ತುಂಬಿದ ಕೊಳದ ಬಳಿ ಕೈಯಲ್ಲಿ ಹಿಡಿದ ಮೊಬೈಲ್ ವಿಡಿಯೋ ಎರಡು ಪಕ್ಷಕ್ಕೂ ಸಾಕ್ಷಿಯಾಗದು. ತೀರ್ಥ ತಂದು ಮನೆಯಲ್ಲಿಡುವ ಭಕ್ತರಿಗೆ ಈ ಅಳತೆ ಬೇಕೂ ಇಲ್ಲ.

ರೋಹಿಣಿ ನಕ್ಷತ್ರ ನೋಡಿ ದಿನ ಗೊತ್ತು ಮಾಡುವ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಗೆ ತಂತ್ರಾಂಶ ಇನ್ನೂ ಸಲೀಸು. ಅಯನಾಂಶದ ಗೋಜಿಲ್ಲದೆ ಕಣ್ಣಳತೆಯಲ್ಲೇ ಮುಗಿಯುತ್ತದೆ. 2025ರ ಡಿಸೆಂಬರ್ 4ರ ರಾತ್ರಿ ಎಂಟು ಗಂಟೆ ಹಾಕಿದರೆ ಹೆಚ್ಚುಕಡಿಮೆ ಪೂರ್ಣ ಚಂದ್ರ ಕೃತ್ತಿಕೆಯ ಗೊಂಚಲು ದಾಟಿ ರೋಹಿಣಿಯ ಕಡೆ ಸಾಗುತ್ತಿರುವುದು ಕಾಣುತ್ತದೆ. ಕಕ್ಕಬ್ಬೆಯ ಪಾಡಿ ಇಗ್ಗುತಪ್ಪ ಸನ್ನಿಧಿಯಲ್ಲಿ ಗೊತ್ತಾಗುವ ದಿನಕ್ಕೂ ಆಕಾಶಕ್ಕೂ ಇಲ್ಲಿ ಯಾವ ತಕರಾರೂ ಇಲ್ಲ. ಚಂದ್ರೋದಯದ ಹೊತ್ತನ್ನು ಮಾತ್ರ ನಂಬಬೇಡಿ. ತಂತ್ರಾಂಶ ಸಪಾಟು ದಿಗಂತ ಹಿಡಿಯುತ್ತದೆ, ಕಕ್ಕಬ್ಬೆಯಲ್ಲಿ ಸುತ್ತ ಬೆಟ್ಟ.

ಗ್ರಹಣದ ವಿಷಯದಲ್ಲಿ ಜಾಗದ ಮಹತ್ವ ಚೆನ್ನಾಗಿ ತಿಳಿಯುತ್ತದೆ. 2019ರ ಡಿಸೆಂಬರ್ 26ರ ಬೆಳಗ್ಗೆ ಒಂಬತ್ತೂವರೆಯ ಸುಮಾರಿಗೆ ಕುಟ್ಟ ಹಾಕಿದರೆ ಪೂರ್ತಿ ಬಳೆ, ಸೋಮವಾರಪೇಟೆ ಹಾಕಿದರೆ ಒಂದು ಬದಿ ತೆರೆದ ಬಳೆ. ರಾಹು ನುಂಗಿದ್ದಾದರೆ ಒಂದೇ ಜಿಲ್ಲೆಗೆ ಎರಡು ಬಗೆಯಲ್ಲಿ ನುಂಗುವುದು ಕಷ್ಟ. ನೆರಳಿಗಾದರೆ ಅದು ಸಹಜ. ಇದನ್ನು ಪಶ್ಚಿಮದಿಂದ ಕಲಿಯಬೇಕಿರಲಿಲ್ಲ. ಗ್ರಹಣ ನೆರಳಿನ ಆಟ ಎಂದು ಆರ್ಯಭಟ 499ರಲ್ಲೇ ಬರೆದ. ಲೆಕ್ಕದಲ್ಲಿ ಅದನ್ನೇ ಬಳಸುತ್ತಿದ್ದ ಬ್ರಹ್ಮಗುಪ್ತ 628ರಲ್ಲಿ ರಾಹುವಿನ ಪರ ವಾದಿಸಿದ, ಶಾಸ್ತ್ರವಚನ ಬಿಡಲಾಗದೆ. ಆ ವಾದವನ್ನು ಮಧ್ಯ ಏಷ್ಯಾದ ವಿದ್ವಾಂಸ ಅಲ್‌ಬಿರೂನಿ ಹನ್ನೊಂದನೇ ಶತಮಾನದಲ್ಲೇ ಟೀಕಿಸಿದ್ದಾನೆ.

ಕೊರತೆಗಳೂ ಇವೆ. ತಿಥಿ, ನಕ್ಷತ್ರ, ಯೋಗ, ಕರಣ ಒಂದೇ ಕಡೆ ಬೇಕೆನ್ನುವವರಿಗೆ ಗೋಡೆಯ ಕ್ಯಾಲೆಂಡರೇ ಲೇಸು. ಮೆನುಗಳ ಸಂತೆಯಲ್ಲಿ ಹೊಸಬರು ದಾರಿ ತಪ್ಪುತ್ತಾರೆ. ಆಕಾಶ ಸಂಸ್ಕೃತಿಗಳ ಪಟ್ಟಿಯಲ್ಲಿ ಭಾರತೀಯ ಆಯ್ಕೆ ಇದ್ದರೂ ಅದನ್ನು ಹಾಕಿದಾಗ ಬದಲಾಗುವುದು ಹೆಸರು ಮತ್ತು ಚಿತ್ರಗಳು, ರೇಖಾಂಶದ ಲೆಕ್ಕ ಅಲ್ಲ. ಫೋನಿನ ಆವೃತ್ತಿ ಬೀದಿಯಲ್ಲಿ ನಿಂತು ನಕ್ಷತ್ರ ಗುರುತಿಸಲು ಚೆನ್ನ, ಮೇಲಿನ ತಾಳೆ ಕೆಲಸಕ್ಕೆ ಲ್ಯಾಪ್‌ಟಾಪೇ ಬೇಕು.

ಹೈಸ್ಕೂಲು ಮೇಷ್ಟ್ರುಗಳು 2027ರ ಆಗಸ್ಟ್ 2ರ ಸಂಜೆಯನ್ನು ಈಗಲೇ ಗುರುತು ಹಾಕಿಕೊಳ್ಳಲಿ. ಅಂದು ಕೊಡಗಿಗೆ ಪಾರ್ಶ್ವ ಸೂರ್ಯಗ್ರಹಣ, ಮಾರನೆಯ ದಿನ ಕೊಡಗಿನ ಮಳೆಗಾಲದ ಹಬ್ಬ ಕಕ್ಕಡ ಹದಿನೆಂಟು. ಆ ಹೊತ್ತಿನ ಮಳೆಯಲ್ಲಿ ಆಕಾಶ ತೆರೆಯುವುದು ಕಷ್ಟ, ಸ್ಟೆಲ್ಲೇರಿಯಂ ಅನ್ನು ಪ್ರೊಜೆಕ್ಟರಿಗೆ ಹಾಕಿ ತೋರಿಸುವುದೇ ಗಟ್ಟಿ. ಮೋಡ ಸರಿದರೆ ಐಎಸ್‌ಒ 12312-2 ಗುರುತಿನ ಗ್ರಹಣ ಕನ್ನಡಕ ಬೇಕು; ಎಕ್ಸ್‌ರೇ ಫಿಲ್ಮು, ಸಗಣಿ ನೀರು ಎರಡೂ ಬೇಡ.